ಹೊಡೆಯೋನು ಬೇಕಾ, ಹಿಡಿಯೋನು ಬೇಕಾ?

ಡಿಸೆಂಬರ್, ಜನವರಿಯಲ್ಲಿ ಬೇಸ್‌ಬಾಲ್ ಆಟ ಇರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಬೇಸ್‌ಬಾಲ್ ಜಗಳ ಜೋರಾಗುವುದು ಆಗಲೇ. ಅಕ್ಕ, ಭಾವ ಇಬ್ಬರೂ ಫ್ರೀಮಾಂಟ್‌ನಿಂದ ಭಾನುವಾರ ಬೆಳಗ್ಗೆ ಸನ್ನಿವೇಲ್‌ಗೆ ಬರುತ್ತಾರೆ. ಅಕ್ಕ ಸೀದಾ ಅಡುಗೆಮನೆಗೆ ಹೋಗುತ್ತಾಳೆ. ಭಾವ ಮಾತ್ರ ಬಾಗಿಲಲ್ಲಿ ಶೂ ಬಿಚ್ಚುತ್ತಲೇ ಶುರು ಮಾಡುತ್ತಾರೆ. 2026ರ ಜನವರಿ ಕೊನೆಯಲ್ಲಿ ಬಂದಾಗಲೂ ಹಾಗೇ ಆಯಿತು.

"ನೋಡಿದ್ಯೇನಪ್ಪಾ? ಟಕರ್ ಡಾಡ್ಜರ್ಸ್‌ಗೆ ಹೋದ. ನಾವು ಯಾರನ್ನ ತಗೊಂಡ್ವಿ? ಬೇಡರ್! ಹೆಸರಲ್ಲೇ ಬೇಡ ಅಂತಿದೆ."

ನಾನು ನಕ್ಕೆ. ಆದರೆ ಒಪ್ಪಲಿಲ್ಲ. ಆವತ್ತು ಎರಡು ಸಲ ಕಾಫಿ ಆಯಿತು, ಊಟ ಆಯಿತು, ಅವರು ಹೊರಡುವಾಗ ಕಾರಿನ ಹತ್ತಿರ ನಿಂತು ಇನ್ನೂ ಅರ್ಧ ಗಂಟೆ ಆಯಿತು, ಮಾತು ಮುಗಿಯಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಭಾವ ಓದುತ್ತಾರೆ ಅಂತ ಗೊತ್ತು.

ಮೊದಲು, ಬೇಸ್‌ಬಾಲ್ ನೋಡದವರಿಗೆ ನಾಲ್ಕು ಮಾತು. ನಮ್ಮ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್. ಪ್ರತಿ ಚಳಿಗಾಲದಲ್ಲಿ ಒಪ್ಪಂದ ಮುಗಿದ ಆಟಗಾರರು ಮಾರುಕಟ್ಟೆಗೆ ಬರುತ್ತಾರೆ. ಐಪಿಎಲ್ ಹರಾಜಿನ ಹಾಗೆ ಒಂದೆರಡು ದಿನದಲ್ಲಿ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಎಳೆಯುತ್ತದೆ. ಡೆಸಿಗ್ನೇಟೆಡ್ ಹಿಟ್ಟರ್, ಅಂದರೆ ಡಿಎಚ್, ಚೆಂಡು ಎಸೆಯುವ ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು. ಫೀಲ್ಡಿಂಗ್ ಇಲ್ಲ. ಐಪಿಎಲ್‌ನ ಇಂಪ್ಯಾಕ್ಟ್ ಪ್ಲೇಯರ್ ನೋಡಿದವರಿಗೆ ಸುಮಾರಾಗಿ ಅರ್ಥವಾಗುತ್ತದೆ. ಇಲ್ಲಿನ ತಂಡಗಳು ಎರಡು ಲೀಗ್‌ಗಳಲ್ಲಿ ಹಂಚಿಕೊಂಡಿವೆ. ಅಮೆರಿಕನ್ ಲೀಗ್‌ನಲ್ಲಿ ಇದು 1973ರಿಂದಲೇ ಇದೆ. ನಮ್ಮ ನ್ಯಾಷನಲ್ ಲೀಗ್‌ಗೆ 2020ರ ಕೋವಿಡ್ ಸೀಸನ್‌ನಲ್ಲಿ ಒಂದು ಸಲ ಬಂದು ಹೋಯಿತು, 2022ರಿಂದ ಕಾಯಂ ಆಯಿತು. ಅಲ್ಲಿಂದ ನಮಗೆ ಚಳಿಗಾಲದ ಜಗಳಕ್ಕೆ ಇನ್ನೊಂದು ಜಾಗ ಸಿಕ್ಕಿತು.

ಭಾವನ ವಾದ ಸರಳ. ನಮ್ಮಲ್ಲಿ ಹೊಡೆಯುವವರು ಇಲ್ಲ, ಹೊಡೆಯುವವನನ್ನು ತನ್ನಿ. ಎಲ್ಲಿ ನಿಲ್ಲಿಸುವುದು ಅಂತ ಆಮೇಲೆ ನೋಡೋಣ, ಎಲ್ಲೂ ಆಗದಿದ್ದರೆ ಡಿಎಚ್ ಇದ್ದೇ ಇದೆ. ಈ ಚಳಿಗಾಲದಲ್ಲಿ ಅವರಿಗೆ ಬೇಕಾಗಿದ್ದದ್ದು ಕೈಲ್ ಶ್ವಾರ್ಬರ್. 2025ರಲ್ಲಿ 56 ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಹಾಗೆ ಬೇಲಿ ದಾಟುವ ಹೊಡೆತ, ಹೊಡೆದವನು. ಅವನು 5 ವರ್ಷಕ್ಕೆ 15 ಕೋಟಿ ಡಾಲರ್‌ಗೆ ಫಿಲಡೆಲ್ಫಿಯಾದಲ್ಲೇ ಉಳಿದುಕೊಂಡ. ಅವನಿಲ್ಲದಿದ್ದರೆ ಕೈಲ್ ಟಕರ್. ಅವನು 4 ವರ್ಷಕ್ಕೆ 24 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದ. ನಮಗೆ ಸಿಕ್ಕಿದ್ದು ಹ್ಯಾರಿಸನ್ ಬೇಡರ್, 2 ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್‌ಗೆ. ಸೆಂಟರ್ ಫೀಲ್ಡ್‌ನಲ್ಲಿ, ಅಂದರೆ ಔಟ್‌ಫೀಲ್ಡ್‌ನ ನಡುವೆ, ಆಡುತ್ತಾ 2021ರಲ್ಲಿ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಗೆದ್ದವನು. ಕಳೆದ ವರ್ಷ 17 ಹೋಮ್ ರನ್ ಹೊಡೆದ, ಅದೇ ಅವನ ಇಡೀ ವೃತ್ತಿಯಲ್ಲಿ ಅತಿ ಹೆಚ್ಚು.

ಭಾವನ ಹೊಟ್ಟೆಯುರಿ ನನಗೂ ಅರ್ಥವಾಗುತ್ತದೆ. ಅದರ ಹಿಂದೆ ದೊಡ್ಡ ಕಥೆ ಇದೆ.

2022ರ ಡಿಸೆಂಬರ್ 6. ಆರನ್ ಜಡ್ಜ್ ಆ ವರ್ಷ 62 ಹೋಮ್ ರನ್ ಹೊಡೆದು ಅಮೆರಿಕನ್ ಲೀಗ್ ದಾಖಲೆ ಮುರಿದು ಮಾರುಕಟ್ಟೆಗೆ ಬಂದಿದ್ದ. ಹುಡುಗ ನಮ್ಮ ಕಡೆಯವನೇ, ಕ್ಯಾಲಿಫೋರ್ನಿಯಾದ ಲಿಂಡನ್ ಊರಿನವನು. ನಾನು ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆ. ಜಡ್ಜ್ ಜೈಂಟ್ಸ್ ಕಡೆ ಬರುತ್ತಿದ್ದಾನೆ ಅಂತ ಒಬ್ಬ ಹೆಸರುವಾಸಿ ವರದಿಗಾರರು ಹಾಕಿದ್ದ ಟ್ವೀಟ್ ಅನ್ನು ಭಾವ ಕಳಿಸಿದರು. ಅವಸರದಲ್ಲಿ ಆರನ್ ಅನ್ನುವುದು ಆರ್ಸನ್ ಅಂತ ಟೈಪ್ ಆಗಿತ್ತು. ನಾನು ಎದ್ದು ಹೊರಗೆ ಹೋಗಿ ಭಾವನಿಗೆ ಫೋನ್ ಮಾಡಿದೆ. ಅವರ ಗಂಟಲು ಕಟ್ಟಿತ್ತು. ನಿಜವಾಗಿಯೂ ಕಟ್ಟಿತ್ತು. ಕೆಲವೇ ನಿಮಿಷದಲ್ಲಿ ಆ ಸುದ್ದಿ ವಾಪಸ್ ಹೋಯಿತು. ಮರುದಿನ ಜಡ್ಜ್ 9 ವರ್ಷಕ್ಕೆ 36 ಕೋಟಿ ಡಾಲರ್‌ಗೆ ಯಾಂಕೀಸ್‌ನಲ್ಲೇ ಉಳಿದ.

ಆ ನೋವು ಆರುವ ಮೊದಲೇ ಕಾರ್ಲೋಸ್ ಕೊರಿಯಾ ಕಥೆ. 13 ವರ್ಷಕ್ಕೆ 35 ಕೋಟಿ ಡಾಲರ್ ಅಂತ ಮಾತಾಗಿ, ವೈದ್ಯಕೀಯ ತಪಾಸಣೆಯ ಹಂತದಲ್ಲಿ ಮುರಿದು ಬಿತ್ತು. ಮುಂದಿನ ಚಳಿಗಾಲದಲ್ಲಿ ಒಹ್ಟಾನಿ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್‌ಗೆ ಹೋದ. ಹೀಗೆ ವರ್ಷ ವರ್ಷ ಬಾಗಿಲ ತನಕ ಬಂದ ಮದುವೆ ದಿಬ್ಬಣ ಪಕ್ಕದ ಮನೆಗೆ ಹೋದರೆ ಯಾರಿಗೆ ತಾನೇ ಸಂಕಟ ಆಗುವುದಿಲ್ಲ?

ಅದರ ಜೊತೆಗೆ ಇನ್ನೊಂದು ಲೆಕ್ಕ ಎಲ್ಲ ಜೈಂಟ್ಸ್ ಅಭಿಮಾನಿಗಳ ತಲೆಯಲ್ಲಿ ಕೂತಿತ್ತು. 2004ರಲ್ಲಿ ಬ್ಯಾರಿ ಬಾಂಡ್ಸ್ 45 ಹೋಮ್ ರನ್ ಹೊಡೆದ ಮೇಲೆ ನಮ್ಮ ತಂಡದಲ್ಲಿ ಒಬ್ಬನೇ ಒಬ್ಬನೂ ಸೀಸನ್‌ಗೆ 30 ಮುಟ್ಟಿರಲಿಲ್ಲ. ಮಧ್ಯದಲ್ಲಿ ಮೂರು ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿ, ಗೆದ್ದೆವು, 2010, 2012, 2014. ಆದರೂ 30 ಅನ್ನುವುದು ಹಲ್ಲಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಲೇ ಇತ್ತು.

ಈ ಸಿಟ್ಟೆಲ್ಲ ಸೇರಿ ತಂದದ್ದು ಹೋರ್ಹೆ ಸೊಲೇರ್‌ನನ್ನು. 2024ರ ಫೆಬ್ರವರಿ, 3 ವರ್ಷಕ್ಕೆ 4 ಕೋಟಿ 20 ಲಕ್ಷ ಡಾಲರ್. 2019ರಲ್ಲಿ 48 ಹೊಡೆದಿದ್ದ, 2021ರ ವರ್ಲ್ಡ್ ಸೀರೀಸ್‌ನ ಎಂವಿಪಿ, ಅಂದರೆ ಶ್ರೇಷ್ಠ ಆಟಗಾರ, ಹಿಂದಿನ ವರ್ಷ ಮಯಾಮಿಯಲ್ಲಿ 36. ಕೆಲಸ ಒಂದೇ, ಡಿಎಚ್. ಭಾವ ಆವತ್ತು ನನಗೆ ಮೈಸೂರ್ ಪಾಕ್ ತಂದುಕೊಟ್ಟರು. ಸೊಲೇರ್ ನಮ್ಮ ಪರ 93 ಆಟ ಆಡಿ 12 ಹೋಮ್ ರನ್ ಹೊಡೆದ. ಜುಲೈ ಕೊನೆಗೆ ಅವನನ್ನು ಅಟ್ಲಾಂಟಾಗೆ ಕಳಿಸಿಯಾಯಿತು. ಮೂರು ವರ್ಷದ ಒಪ್ಪಂದ ನಮ್ಮಲ್ಲಿ ಆರು ತಿಂಗಳೂ ನಡೆಯಲಿಲ್ಲ.

ಸೊಲೇರ್ ಕೆಟ್ಟ ಆಟಗಾರ ಅಂತ ನಾನು ಹೇಳುತ್ತಿಲ್ಲ. ಬ್ಯಾಟ್ ಮಾತ್ರ ಗೊತ್ತಿರುವವನ ಬ್ಯಾಟ್ ಮಂಕಾದರೆ ಅವನಿಗೆ ಕೊಡಲು ಬೇರೆ ಕೆಲಸವೇ ಇರುವುದಿಲ್ಲ. ಫೀಲ್ಡರ್ ಹಾಗಲ್ಲ. ಎರಡು ವಾರ ಹೊಡೆಯದಿದ್ದರೂ ದಿನಕ್ಕೊಂದು ಕ್ಯಾಚ್‌ನಿಂದ ಸಂಬಳಕ್ಕೆ ನ್ಯಾಯ ಒದಗಿಸುತ್ತಾನೆ. ಡಿಎಚ್ ಜಾಗವನ್ನು ಒಬ್ಬನ ಹೆಸರಿಗೆ ಮೂರು ವರ್ಷಕ್ಕೆ ಬರೆದುಕೊಟ್ಟರೆ, ಮೊಣಕಾಲು ನೋಯುತ್ತಿರುವ ಕ್ಯಾಚರ್‌ಗೆ, ಬೆನ್ನು ಹಿಡಿದುಕೊಂಡ ಥರ್ಡ್ ಬೇಸ್‌ಮನ್‌ಗೆ ಒಂದು ದಿನ ಕೂತು ಬ್ಯಾಟ್ ಮಾಡಲು ಜಾಗ ಉಳಿಯುವುದಿಲ್ಲ. 162 ಆಟದ ಸೀಸನ್‌ನಲ್ಲಿ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಇನ್ನೊಂದು, ನಮ್ಮ ಮೈದಾನ. ಭಾವನಿಗೆ ನಾನು ಪ್ರತಿ ಸಲ ಹೇಳುವುದು ಇದನ್ನೇ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಬೌಂಡರಿ ಹತ್ತಿರ, ಸ್ವಲ್ಪ ಎತ್ತಿದರೂ ಸಿಕ್ಸರ್. ನಾವಿಬ್ಬರೂ ಕ್ರಿಕೆಟ್ ನೋಡಿ ಬೆಳೆದದ್ದು ಅಲ್ಲಿ. ಆ ಕಣ್ಣಲ್ಲಿ ಒರಾಕಲ್ ಪಾರ್ಕ್ ನೋಡಬಾರದು. ಇಲ್ಲಿ ಬಲಗಡೆ ಮೂಲೆ 309 ಅಡಿ ಅಷ್ಟೇ, ಆದರೆ ಅಲ್ಲಿ 24 ಅಡಿ ಎತ್ತರದ ಇಟ್ಟಿಗೆ ಗೋಡೆ ಇದೆ. ಜೈಂಟ್ಸ್‌ನ ಹಳೆಯ ಮಹಾನ್ ಆಟಗಾರ ವಿಲ್ಲಿ ಮೇಸ್ ಅವರ ಜರ್ಸಿ ಸಂಖ್ಯೆ 24, ಅವರ ಗೌರವಕ್ಕೆ ಅಷ್ಟೇ ಎತ್ತರ. ಅಲ್ಲಿಂದ ಗೋಡೆ ದೂರ ದೂರ ಹೋಗುತ್ತದೆ. ರೈಟ್-ಸೆಂಟರ್‌ನಲ್ಲಿ ಮೊದಲು 421 ಅಡಿ ಇತ್ತು, 2020ರಲ್ಲಿ ಬುಲ್‌ಪೆನ್‌ಗಳನ್ನು, ಅಂದರೆ ಪಿಚರ್‌ಗಳು ಕೈ ಪಳಗಿಸಿಕೊಳ್ಳುವ ಜಾಗವನ್ನು, ಅಲ್ಲಿಗೆ ತಂದಾಗ 415 ಆಯಿತು. ಟ್ರಿಪಲ್ಸ್ ಆ್ಯಲಿ ಅಂತಲೇ ಹೆಸರು, ಟ್ರಿಪಲ್ ಅಂದರೆ ಒಂದೇ ಹೊಡೆತಕ್ಕೆ ಮೂರು ಬೇಸ್ ಓಡುವುದು. ಬೇರೆ ಊರಿನಲ್ಲಿ ಹೋಮ್ ರನ್ ಆಗುವ ಹೊಡೆತ ಇಲ್ಲಿ ಆ ಮೂಲೆಗೆ ಬಿದ್ದು ಉರುಳುತ್ತದೆ. ಸಂಜೆ ಕೊಲ್ಲಿಯಿಂದ ತಣ್ಣನೆ ಗಾಳಿ ಬಂದರೆ ಕೇಳುವುದೇ ಬೇಡ. ಇಷ್ಟು ದೊಡ್ಡ ಹೊಲ ಕಾಯಲು ಓಡುವ ಕಾಲು ಬೇಕು.

ಆ ಮೈದಾನ ಎಷ್ಟು ನಿರ್ದಯಿ ಅಂತ ನಾನು ಕಣ್ಣಾರೆ ನೋಡಿದ್ದೇನೆ. 2024ರ ಮೇ 12, ಭಾನುವಾರ, ಅಮ್ಮಂದಿರ ದಿನ. ಮನೆಯವಳು, ಮಗಳು, ನಾನು ಕ್ಯಾಲ್‌ಟ್ರೇನ್ ಹತ್ತಿ ಫೋರ್ತ್ ಆ್ಯಂಡ್ ಕಿಂಗ್‌ನಲ್ಲಿ ಇಳಿದು ನಡೆದು ಹೋದೆವು. ಸಿನ್ಸಿನಾಟಿ ವಿರುದ್ಧ ಆಟ. ಸೀಟು ಸೆಂಟರ್ ಫೀಲ್ಡ್ ಹಿಂದುಗಡೆ. ಮಗಳ ಕೈಯಲ್ಲಿ ಗಾರ್ಲಿಕ್ ಫ್ರೈಸ್ ಪೊಟ್ಟಣ ಇನ್ನೂ ಬಿಸಿ ಇತ್ತು. ಮೊದಲ ಇನ್ನಿಂಗ್ಸ್, ಮೂರೂ ಬೇಸ್ ಭರ್ತಿ. ಚೆಂಡು ನಮ್ಮ ಕಡೆಗೇ ಬಂತು. ಸೆಂಟರ್‌ನಲ್ಲಿದ್ದವನು ಜಂಗ್ ಹೂ ಲೀ. ಕೊರಿಯಾದಿಂದ ಬಂದ ಹುಡುಗ, ಅಪ್ಪ ಅಲ್ಲಿ ಗಾಳಿಯ ಮಗ ಅಂತ ಹೆಸರಾದ ದೊಡ್ಡ ಆಟಗಾರ, ಹಾಗಾಗಿ ಇವನು ಗಾಳಿಯ ಮೊಮ್ಮಗ. 6 ವರ್ಷಕ್ಕೆ 11 ಕೋಟಿ 30 ಲಕ್ಷ ಡಾಲರ್ ಕೊಟ್ಟು ತಂದಿದ್ದರು. ಅವನು ಹಿಂದೆ ಹಿಂದೆ ಓಡಿ, ತಿರುಗಿ, ಎಗರಿದ. ಚೆಂಡು ಸಿಗಲಿಲ್ಲ. ಎಡಭುಜ ಬೇಲಿಗೆ ಬಡಿದ ಸದ್ದು ನಮಗೆ ಕೇಳಿಸಿತು. ಕೆಳಗೆ ಬಿದ್ದವನು ಏಳಲಿಲ್ಲ. ಅಷ್ಟು ಜನರ ಮೈದಾನ ಮೌನವಾಯಿತು. ಮಗಳು ಫ್ರೈಸ್ ಕೆಳಗಿಟ್ಟು "ಅಪ್ಪ, ಅವನು ಯಾಕೆ ಏಳ್ತಿಲ್ಲ?" ಅಂದಳು. ಭುಜ ಕಳಚಿತ್ತು. ಶಸ್ತ್ರಚಿಕಿತ್ಸೆ ಆಯಿತು, 37 ಆಟಕ್ಕೆ ಅವನ ಸೀಸನ್ ಮುಗಿಯಿತು.

ಆಮೇಲೆ ಭಾವ ಹೇಳಿದರು, "ನೋಡು, ನಿನ್ನ ಫೀಲ್ಡರ್‌ಗೂ ಅದೇ ಗತಿ. ದುಡ್ಡು ನೀರಲ್ಲಿ ಹೋಮ." ನನಗೆ ಆ ಮಾತು ಇಷ್ಟವಾಗಲಿಲ್ಲ, ಹಾಗಂತ ಅವರಿಗೆ ಹೇಳಿದೆ ಕೂಡ. ಮೂರು ರನ್ ತಡೆಯಲು ಗೋಡೆಗೆ ಎಗರಿದವನ ಬಗ್ಗೆ ಹಾಗೆ ಮಾತಾಡಬಾರದು. ಮುಂದಿನ ವರ್ಷ ಲೀ 150 ಆಟ ಆಡಿದ, 12 ಟ್ರಿಪಲ್ ಹೊಡೆದ. ನಮ್ಮ ಮೈದಾನಕ್ಕೆ ಹೇಳಿ ಮಾಡಿಸಿದ ಹೊಡೆತ ಅದು. ಆಗಸ್ಟ್‌ನಲ್ಲಿ ಟ್ಯಾಂಪಾ ವಿರುದ್ಧ ಜಾರಿ ಹಿಡಿಯಲು ಹೋದಾಗ ಚೆಂಡು ಗ್ಲವ್‌ನಿಂದ ಚಿಮ್ಮಿ ಕಾಲ ಮೇಲೆ ಬಿತ್ತು. ಅವನು ಎರಡೂ ಮೊಣಕಾಲು ಒತ್ತಿ ಅದನ್ನು ಹಿಡಿದುಬಿಟ್ಟ. ಆವತ್ತು ಟಿವಿ ಮುಂದೆ ಮೊದಲು ಎದ್ದು ಕುಣಿದವರು ಭಾವನೇ.

ಹಾಗಂತ ಲೀ ಫೀಲ್ಡಿಂಗ್‌ನಲ್ಲಿ ಕುಂದೇ ಇಲ್ಲ ಅಂತಲೂ ಅಲ್ಲ. 2025ರಲ್ಲಿ ಸೆಂಟರ್‌ನಲ್ಲಿ ಅವನು ಚೆಂಡಿನ ಅಂದಾಜು ತಪ್ಪಿದ್ದು ಹಲವು ಸಲ ನೋಡಿದೆವು. ಎಡಗಡೆ ಹೆಲಿಯೋಟ್ ರಾಮೋಸ್ ಕೂಡ ತಡವರಿಸಿದ. ಬಲಗಡೆ ವರ್ಷಗಟ್ಟಲೆ ಇದ್ದ ಯಸ್ಟ್ರೆಮ್‌ಸ್ಕಿಯನ್ನು ಜುಲೈನಲ್ಲಿ ಕನ್ಸಾಸ್ ಸಿಟಿಗೆ ಕಳಿಸಿದ ಮೇಲೆ ಅಲ್ಲಿ ಯಾರು ಅಂತಲೇ ತೀರ್ಮಾನವಾಗಿರಲಿಲ್ಲ. ಪಿಚರ್ ಒಳ್ಳೆಯ ಚೆಂಡು ಹಾಕಿ, ಬ್ಯಾಟರ್ ಮೇಲಕ್ಕೆ ಎತ್ತಿ, ನಾವು ಔಟ್ ಅಂತ ಉಸಿರು ಬಿಟ್ಟು, ಆಮೇಲೆ ಅದು ಇಬ್ಬರ ಮಧ್ಯೆ ಬಿದ್ದದ್ದನ್ನು ನೋಡುವ ಸಂಕಟ ಇದೆಯಲ್ಲ, ಅದು ಸ್ಕೋರ್‌ಕಾರ್ಡ್‌ನಲ್ಲಿ ಬರೀ ಡಬಲ್ ಅಂತ ಕೂತಿರುತ್ತದೆ. ತಪ್ಪು ಪಿಚರ್ ತಲೆಗೆ. ತಂಡ 81 ಗೆದ್ದು 81 ಸೋತಿತು. ಇನ್ನೊಂದು ನಾಲ್ಕೈದು ಕ್ಯಾಚ್ ಸರಿಯಾದ ಹೊತ್ತಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ನಾನು ಅಕ್ಟೋಬರ್ ಪೂರ್ತಿ ಯೋಚಿಸಿದ್ದೇನೆ.

ಅದಕ್ಕೇ ಬೇಡರ್ ಬಂದದ್ದು ನನಗೆ ಖುಷಿ. ಅವನು ಸೆಂಟರ್‌ಗೆ, ಲೀ ರೈಟ್‌ಗೆ. ಒಂದು ಒಪ್ಪಂದದಲ್ಲಿ ಎರಡು ಜಾಗ ರಿಪೇರಿ. ಬೇಡರ್‌ಗೆ 31 ವಯಸ್ಸು, ಕಾಲು ಆಗಾಗ ಕೈಕೊಡುತ್ತದೆ, ಇದು ಭಾವನ ದೊಡ್ಡ ಆಕ್ಷೇಪ. ಸರಿಯಾದ ಆಕ್ಷೇಪವೇ. ಆದರೆ ಎರಡೇ ವರ್ಷ.

ಭಾವನ ಕೈಯಲ್ಲಿ ಒಂದು ಗಟ್ಟಿ ಅಸ್ತ್ರ ಇದೆ, ಅದನ್ನು ಹೇಳದಿದ್ದರೆ ಮೋಸವಾಗುತ್ತದೆ. 2014ರ ವರ್ಲ್ಡ್ ಸೀರೀಸ್ ಏಳನೇ ಆಟ, ಕನ್ಸಾಸ್ ಸಿಟಿ. ಆಗ ನ್ಯಾಷನಲ್ ಲೀಗ್ ತಂಡಕ್ಕೆ ಡಿಎಚ್ ಸಿಗುತ್ತಿದ್ದದ್ದು ಎದುರಾಳಿಯ ಅಮೆರಿಕನ್ ಲೀಗ್ ಮೈದಾನದಲ್ಲಿ ಮಾತ್ರ. ನಮ್ಮ ಡಿಎಚ್ ಮೈಕಲ್ ಮೋರ್ಸ್. ನಾವು ಗೆದ್ದದ್ದು 3-2ರಲ್ಲಿ. ಆ ಮೂರರಲ್ಲಿ ಎರಡು ರನ್ ತಂದವನು ಮೋರ್ಸ್. ಅವನಿಲ್ಲದಿದ್ದರೆ ನಮ್ಮ ಪಿಚರ್ ಬಮ್‌ಗಾರ್ನರ್ ಐದು ಇನ್ನಿಂಗ್ಸ್ ಹಾಕಿದ್ದಕ್ಕೂ ಫಲವಿರುತ್ತಿರಲಿಲ್ಲ. ಭಾವ ಇದನ್ನು ಹೇಳುವಾಗ ಮೇಜು ಕುಟ್ಟುತ್ತಾರೆ.

ಒಪ್ಪುತ್ತೇನೆ. ಆದರೆ ಅದೇ ಆಟದ ಕೊನೆ ನೆನಪಿದೆಯಾ ಭಾವ? ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್. ಕನ್ಸಾಸ್ ಸಿಟಿಯ ಗಾರ್ಡನ್ ಹೊಡೆದದ್ದು ಸುಮ್ನೆ ಒಂದು ಸಿಂಗಲ್. ನಮ್ಮ ಬ್ಲಾಂಕೋ ಸೆಂಟರ್‌ನಲ್ಲಿ ಬಿಟ್ಟ, ಚೆಂಡು ಗೋಡೆ ತನಕ ಹೋಯಿತು, ಅಲ್ಲಿ ಪೆರೆಜ್ ಕೂಡ ತಡವರಿಸಿದ, ಗಾರ್ಡನ್ ಥರ್ಡ್ ಬೇಸ್ ಮುಟ್ಟಿದ. ಇನ್ನು 90 ಅಡಿ ಓಡಿದ್ದರೆ ಸಮ. ನಮ್ಮ ಸಾಂಡೋವಾಲ್ ಕೊನೆಯ ಕ್ಯಾಚ್ ಹಿಡಿದು ನೆಲಕ್ಕೆ ಬೀಳುವವರೆಗೆ ನಿಮ್ಮ ಮನೆಯಲ್ಲಿ ನಾವು ಯಾರೂ ಉಸಿರಾಡಿರಲಿಲ್ಲ. ಮೋರ್ಸ್ ತಂದದ್ದನ್ನೆಲ್ಲ ಔಟ್‌ಫೀಲ್ಡ್‌ನ ಒಂದು ತಪ್ಪು ಹೆಚ್ಚು ಕಮ್ಮಿ ತಿಂದುಹಾಕಿತ್ತು. ಇನ್ನೂ ಒಂದು ಮಾತು. ಮೋರ್ಸ್ ಬಂದದ್ದು ಒಂದೇ ವರ್ಷಕ್ಕೆ, 60 ಲಕ್ಷ ಡಾಲರ್‌ಗೆ. ಅಂಥ ಒಪ್ಪಂದ ಇವತ್ತು ಮಾಡಿದರೆ ನಾನೇ ಮೈಸೂರ್ ಪಾಕ್ ತರುತ್ತೇನೆ.

ಇನ್ನು ನಮ್ಮ ದೊಡ್ಡ ಹೊಡೆತಗಾರ ರಾಫೆಲ್ ಡೆವರ್ಸ್ ವಿಷಯಕ್ಕೆ ಬರೋಣ. 2025ರ ಜೂನ್ 15ರಂದು ಅವನನ್ನು ಬಾಸ್ಟನ್‌ನಿಂದ ತಂದಾಗ ಭಾವ ಗೆದ್ದೆ ಅಂದರು. 10 ವರ್ಷಕ್ಕೆ 31 ಕೋಟಿ 35 ಲಕ್ಷ ಡಾಲರ್ ಒಪ್ಪಂದ, ಅದರ ಉಳಿದ ಭಾರವೆಲ್ಲ ಈಗ ನಮ್ಮ ಹೆಗಲಿಗೆ. ನಾನು ಅವನ ಬ್ಯಾಟಿಂಗ್‌ನ ಅಭಿಮಾನಿ. ಆದರೆ ಬಾಸ್ಟನ್ ಅವನನ್ನು ಯಾಕೆ ಬಿಟ್ಟಿತು? ಬ್ರೆಗ್‌ಮನ್ ಅನ್ನುವ ಇನ್ನೊಬ್ಬ ಥರ್ಡ್ ಬೇಸ್‌ಮನ್ ಬಂದ ಮೇಲೆ ಡೆವರ್ಸ್‌ನನ್ನು ಥರ್ಡ್ ಬೇಸ್‌ನಿಂದ ತೆಗೆದು ಡಿಎಚ್ ಮಾಡಿದರು. ಫರ್ಸ್ಟ್ ಬೇಸ್‌ನವನಿಗೆ ಗಾಯವಾದಾಗ ಅಲ್ಲಿ ಆಡು ಅಂದರು, ಅವನು ಒಪ್ಪಲಿಲ್ಲ. ಒಬ್ಬನನ್ನು ಡಿಎಚ್ ಅಂತ ಕೂರಿಸಿ ಆಮೇಲೆ ಏಳು ಅಂದರೆ ಮನಸ್ಸು ಮುರಿಯುತ್ತದೆ. ಎರಡೂ ಕಡೆ ಮುರಿಯಿತು. ನಮ್ಮಲ್ಲಿ ಅವನು ಜುಲೈನಲ್ಲಿ ಫರ್ಸ್ಟ್ ಬೇಸ್‌ಗೆ ಇಳಿದ, ಅದು ನನಗೆ ಅವನ ಹೋಮ್ ರನ್‌ಗಳಿಗಿಂತ ಹೆಚ್ಚು ಸಮಾಧಾನ ಕೊಟ್ಟ ಸಂಗತಿ. ಈಗ ಬ್ರೈಸ್ ಎಲ್ಡ್ರಿಜ್ ಬಂದಿದ್ದಾನೆ, 6 ಅಡಿ 7 ಇಂಚು ಎತ್ತರದ ಎಡಗೈ ಬ್ಯಾಟರ್, ಕಳೆದ ಸೆಪ್ಟೆಂಬರ್‌ನಲ್ಲಿ ಮೊದಲ ಆಟ ಆಡಿದಾಗ ಇನ್ನೂ 20 ವಯಸ್ಸು. ಡೆವರ್ಸ್, ಎಲ್ಡ್ರಿಜ್ ಇಬ್ಬರೂ ಫರ್ಸ್ಟ್ ಬೇಸ್, ಡಿಎಚ್ ಎರಡನ್ನೂ ಹಂಚಿಕೊಳ್ಳಲಿ. ಅಲ್ಲಿಗೆ ಶ್ವಾರ್ಬರ್ ಬಂದಿದ್ದರೆ ಈ ಹುಡುಗ ಎಲ್ಲಿ ನಿಲ್ಲಬೇಕಿತ್ತು?

ಆ 30ರ ಕಥೆ ಮುಗಿದದ್ದು ಹೇಗೆ ಗೊತ್ತಾ? 2025ರ ಸೀಸನ್‌ನ ಕೊನೆಯ ದಿನ ವಿಲ್ಲಿ ಅಡಾಮೆಸ್ 30ನೇ ಹೋಮ್ ರನ್ ಹೊಡೆದ. ಅವನು ಡಿಎಚ್ ಅಲ್ಲ, ಶಾರ್ಟ್‌ಸ್ಟಾಪ್. ದಿನವೂ ಅತಿ ಕಷ್ಟದ ಜಾಗದಲ್ಲಿ ನಿಂತು ಕೈ ಕಾಲು ಸವೆಸುವವನು. 21 ವರ್ಷ ಯಾವ ಸಂಖ್ಯೆಗಾಗಿ ನಾವು ಹೊಡೆಯುವವರನ್ನು ಹುಡುಕಿದೆವೋ ಅದನ್ನು ಗ್ಲವ್ ಹಾಕಿಕೊಂಡು ಆಡುವವನು ತಂದುಕೊಟ್ಟ. ಆವತ್ತು ರಾತ್ರಿ ಭಾವನಿಗೆ ಫೋನ್ ಮಾಡಿದಾಗ ಇಬ್ಬರೂ ವಾದ ಮಾಡಲಿಲ್ಲ. ಸುಮ್ನೆ ನಗುತ್ತಿದ್ದೆವು.

ರಾಮೋಸ್ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಸೈನಿಂಗ್ ಗದ್ದಲದಲ್ಲಿ ಅವನನ್ನು ಎಲ್ಲರೂ ಮರೆಯುತ್ತಾರೆ. ಅವನನ್ನು ಮಾರುಕಟ್ಟೆಯಲ್ಲಿ ಕೊಂಡದ್ದಲ್ಲ. 2017ರಲ್ಲಿ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವಾಗ, ಆರಿಸಿ, ಏಳು ವರ್ಷ ಕಾದು ಬೆಳೆಸಿದ ಹುಡುಗ. 2024ರ ಸೆಪ್ಟೆಂಬರ್‌ನಲ್ಲಿ ಆ 24 ಅಡಿ ಗೋಡೆ ದಾಟಿಸಿ ಮೆಕ್‌ಕವಿ ಕೋವ್‌ನ ನೀರಿಗೆ ಚೆಂಡು ಹಾಕಿದ ಮೊದಲ ಬಲಗೈ ಬ್ಯಾಟರ್ ಅವನು. ಅಲ್ಲಿಯವರೆಗೆ ಎಲ್ಲರೂ ಎಡಗೈಯವರೇ.

2007ರ ಮೊದಲ ಆಟದಲ್ಲಿ ಲೆಫ್ಟ್ ಫೀಲ್ಡ್‌ನಲ್ಲಿ ಬಾಂಡ್ಸ್ ನಿಂತಿದ್ದರು. 2025ರಲ್ಲಿ ರಾಮೋಸ್. ಈ 19 ಸೀಸನ್‌ಗಳ ಮೊದಲ ಆಟಕ್ಕೆ ಆ ಜಾಗದಲ್ಲಿ 19 ಬೇರೆ ಬೇರೆ ಮುಖ. ಮೋರ್ಸ್ ಕೂಡ ಅದರಲ್ಲಿ ಒಬ್ಬ. ರಾಮೋಸ್‌ಗಿಂತ ಮೊದಲಿನ ಒಬ್ಬನೂ ಮರುವರ್ಷ ಮೊದಲ ದಿನ ಅಲ್ಲಿ ಮತ್ತೆ ನಿಲ್ಲಲಿಲ್ಲ. ಚಳಿಗಾಲದಲ್ಲಿ ನಾವು ಔಟ್‌ಫೀಲ್ಡ್‌ಗೆ ಹೇಗೆ ದುಡ್ಡು ಹಾಕಿದೆವು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಈ ಸಲದ ಮೊದಲ ಆಟ ಮಾರ್ಚ್ 25, ನಮ್ಮ ಮೈದಾನದಲ್ಲೇ, ಯಾಂಕೀಸ್ ವಿರುದ್ಧ. ಜಡ್ಜ್ ಬರುತ್ತಾನೆ. ಭಾವ ಅವನನ್ನೇ ನೋಡುತ್ತಾರೆ, ನನಗೆ ಗೊತ್ತು, ಆ ಡಿಸೆಂಬರ್ ಅವರು ಮರೆತಿಲ್ಲ. ನಾನು ಮೊದಲು ಸೆಂಟರ್ ನೋಡುತ್ತೇನೆ, ಬೇಡರ್ ಎಷ್ಟು ಹಿಂದೆ ನಿಂತಿದ್ದಾನೆ ಅಂತ. ಆಮೇಲೆ ರೈಟ್‌ನಲ್ಲಿ ಇಟ್ಟಿಗೆ ಗೋಡೆಯ ಮುಂದೆ ಲೀ. ಆಮೇಲೆ ಎಡಗಡೆ ತಿರುಗಿ ರಾಮೋಸ್ ನಿಂತಿದ್ದಾನಾ ಅಂತ ನೋಡಿ, ಭಾವನ ತೋಳು ಹಿಡಿದು ತೋರಿಸಬೇಕು.

ಭಾವ, ಆವತ್ತು ಕಾರ್ ಬೇಡ. ನಮ್ಮ ಮನೆಗೇ ಬಂದುಬಿಡಿ, ಎಲ್ಲರೂ ಒಟ್ಟಿಗೆ ಟ್ರೇನ್‌ನಲ್ಲೇ ಹೋಗೋಣ.